ಒಂದು ಕಡೆ ತಿಂದ ಪ್ಯಾಡ್

ರಾಯದುರ್ಗದ ಗ್ಯಾರೇಜುಗಳಲ್ಲಿ ಕೈ ಒರೆಸುವ ಬಟ್ಟೆಗೆ ಬರವಿಲ್ಲ. ಊರ ತುಂಬ ಜೀನ್ಸ್ ಹೊಲಿಯುವ ಮಿಷನ್ನುಗಳಿವೆ. ಕತ್ತರಿಸಿ ಉಳಿದ ನೀಲಿ ತುಂಡುಗಳು ಮೂಟೆಗಟ್ಟಲೆ ಬೀಳುತ್ತವೆ. ಹೋದ ಬೇಸಿಗೆಯಲ್ಲಿ ನಮ್ಮ ಪಿಕಪ್ ಗಾಡಿಯ ಮುಂದಿನ ಎಡ ವೀಲ್ ಬಿಚ್ಚಿದಾಗ ಮೆಕ್ಯಾನಿಕ್ ಅಂಥದೊಂದು ತುಂಡನ್ನು ನೆಲಕ್ಕೆ ಹಾಸಿ, ಅದರ ಮೇಲೆ ಎರಡು ಬ್ರೇಕ್ ಪ್ಯಾಡುಗಳನ್ನು ಅಕ್ಕಪಕ್ಕ ಇಟ್ಟ. "ನೋಡಣ್ಣ, ಒಳಗಿಂದು ಪೂರಾ ತಿಂದ್ಬಿಟ್ಟೈತೆ, ಹೊರಗಿಂದು ಹಂಗೇ ಐತೆ" ಅಂದ. ಹೊರಗಿನದರಲ್ಲಿ ಡಿಸ್ಕಿಗೆ ಉಜ್ಜುವ ಮಸಾಲೆ ಇನ್ನೂ 8 ಮಿಲಿಮೀಟರ್ ಉಳಿದಿತ್ತು. ಒಳಗಿನದು ಒಂದು ತುದಿಯಲ್ಲಿ 3 ಮಿಲಿಮೀಟರ್ ಇದ್ದು, ಇನ್ನೊಂದು ತುದಿಗೆ ಬರುವಷ್ಟರಲ್ಲಿ ಕಬ್ಬಿಣದ ತಗಡು ಮಿಂಚುತ್ತಿತ್ತು. ಆ ಜೋಡಿ ಹಾಕಿಸಿ ಏಳು ತಿಂಗಳೂ ಆಗಿರಲಿಲ್ಲ. ಹಿಂದಿನ ಸಲ ಬೇರೊಂದು ಊರಿನಲ್ಲಿ ಹಾಕಿಸಿದ್ದೆ. ಅಲ್ಲಿ ಹಳೆಯ ಪ್ಯಾಡನ್ನು ಯಾರೂ ತಿರುಗಿಸಿ ನೋಡದೆ ಗುಜರಿ ಡಬ್ಬಕ್ಕೆ ಎಸೆದಿದ್ದರು. ನಾನೂ ನೋಡಿರಲಿಲ್ಲ.

ಪ್ಯಾಡ್ ಯಾಕೆ ಒಂದೇ ಕಡೆ ತಿನ್ನುತ್ತದೆ ಎಂದು ಆಮೇಲೆ ಬಳ್ಳಾರಿ, ಹಿಂದೂಪುರ, ಮಡಕಶಿರದ ಕಡೆಯ ಕೈಪಳಗಿದವರನ್ನು ಕೇಳುತ್ತ ಹೋದೆ. ಪ್ಯಾಡೇ ಡೂಪ್ಲಿಕೇಟು ಎಂದರು ಕೆಲವರು. ಡ್ರೈವರ್ ಸದಾ ಪೆಡಲಿನ ಮೇಲೆ ಕಾಲಿಟ್ಟಿರುತ್ತಾನೆ ಎಂದರು ಇನ್ನು ಕೆಲವರು. ನಮ್ಮ ಕಡೆಯ ದೂಳು ಎಂದವರಿದ್ದರು, ಡಿಸ್ಕ್ ಬ್ರೇಕ್ ಅಂದ ಮೇಲೆ ಅಷ್ಟೇ ಎಂದು ಕೈ ಚೆಲ್ಲಿದವರೂ ಇದ್ದರು. ಒಂದೊಂದರಲ್ಲೂ ಸ್ವಲ್ಪ ಸ್ವಲ್ಪ ನಿಜವಿದೆ. ಆದರೆ ಕೇಳಿದ್ದು, ಓದಿದ್ದು, ಬಿಚ್ಚಿ ನೋಡಿದ್ದು ಎಲ್ಲವನ್ನೂ ಸೇರಿಸಿದರೆ ನನಗೆ ಕಾಣುವುದು ಒಂದೇ: ಪ್ಯಾಡ್ ವಾರೆಯಾಗಿ ಸವೆಯುವುದು ಬ್ರೇಕ್ ಒತ್ತಿದಾಗ ನಡೆಯುವ ಸಂಗತಿಗಿಂತ ಹೆಚ್ಚಾಗಿ ಬ್ರೇಕ್ ಬಿಟ್ಟ ಮೇಲೆ ನಡೆಯುವ ಸಂಗತಿ.

ನಮ್ಮ ರಸ್ತೆಗಳಲ್ಲಿ ಓಡುವ ಬಹುಪಾಲು ಕಾರು, ಪಿಕಪ್‌ಗಳ ಮುಂದಿನ ಚಕ್ರದಲ್ಲಿರುವುದು ಜಾರುವ ಕ್ಯಾಲಿಪರ್. ಡಿಸ್ಕಿನ ಒಳಮಗ್ಗುಲಲ್ಲಿ ಮಾತ್ರ ಪಿಸ್ಟನ್ ಇರುತ್ತದೆ. ಪೆಡಲ್ ಒತ್ತಿದಾಗ ಪಿಸ್ಟನ್ ಒಳಗಿನ ಪ್ಯಾಡನ್ನು ಡಿಸ್ಕಿಗೆ ತಳ್ಳುತ್ತದೆ. ಅದು ತಾಗಿದ ಕೂಡಲೇ ಕ್ಯಾಲಿಪರಿನ ಇಡೀ ಮೈ ಎರಡು ಪಿನ್ನುಗಳ ಮೇಲೆ ಹಿಂದಕ್ಕೆ ಜಾರಿ, ಹೊರಗಿನ ಪ್ಯಾಡನ್ನು ಆ ಕಡೆಯಿಂದ ಎಳೆದು ಒತ್ತುತ್ತದೆ. ಎರಡು ಬೆರಳುಗಳ ನಡುವೆ ತಟ್ಟೆಯ ಅಂಚು ಹಿಡಿದಂತೆ, ಎರಡೂ ಕಡೆ ಬೀಳುವ ಒತ್ತಡ ಸಮ. ಪಿನ್ ಸಲೀಸಾಗಿ ಜಾರುತ್ತಿದ್ದರೆ ಎರಡೂ ಪ್ಯಾಡ್ ಹೆಚ್ಚುಕಡಿಮೆ ಒಂದೇ ಸಮ ಸವೆಯಲೇಬೇಕು. ಕಾಲು ತೆಗೆದಾಗ ಪಿಸ್ಟನ್ನನ್ನು ಹಿಂದಕ್ಕೆ ತರುವುದಕ್ಕೆ ಸ್ಪ್ರಿಂಗ್ ಇಲ್ಲ. ಪಿಸ್ಟನ್ನಿನ ಸುತ್ತ ಕೂತ ಚೌಕ ಅಂಚಿನ ರಬ್ಬರ್ ಸೀಲು ಒತ್ತುವಾಗ ಸ್ವಲ್ಪ ತಿರುಚಿಕೊಂಡಿರುತ್ತದೆ. ಒತ್ತಡ ಹೋದಾಗ ಅದು ತನ್ನ ಆಕಾರಕ್ಕೆ ಮರಳುತ್ತ ಪಿಸ್ಟನ್ನನ್ನೂ ಜೊತೆಗೆ ಎಳೆದುಕೊಳ್ಳುತ್ತದೆ. ಆ ಎಳೆತ ಮಿಲಿಮೀಟರಿನ ಒಂದು ಸಣ್ಣ ಪಾಲು ಅಷ್ಟೇ. ಅಷ್ಟು ಕಡಿಮೆ ಜಾಗದಲ್ಲಿ ನಡೆಯುವ ಕೆಲಸವಾದ್ದರಿಂದ ಒಂದು ಹರಳು ಮರಳು, ಒಂಚೂರು ಗಟ್ಟಿಯಾದ ಗ್ರೀಸು ಸಾಕು, ಪ್ಯಾಡ್ ಡಿಸ್ಕನ್ನು ಬಿಡದೆ ಉಜ್ಜುತ್ತಲೇ ಇರುತ್ತದೆ. ಬ್ರೇಕ್ ಹಿಡಿಯುವುದು ದಿನಕ್ಕೆ ಕೆಲವು ನಿಮಿಷ. ಹೀಗೆ ಉಜ್ಜುವುದು ಗಾಡಿ ಓಡುವಷ್ಟು ಹೊತ್ತೂ.

ಹಳೆಯ ಮೇಸ್ತ್ರಿಗಳು ಇದನ್ನು ಸಹಜವೆಂದು ಬಿಡುವುದಕ್ಕೆ ಒಂದು ಕಾರಣವಿದೆ. ಅವರು ಕೆಲಸ ಕಲಿತದ್ದು ಅಂಬಾಸಿಡರ್, ಲಾರಿ, ಟ್ರ್ಯಾಕ್ಟರುಗಳ ಡ್ರಮ್ ಬ್ರೇಕಿನಲ್ಲಿ. ಡ್ರಮ್ಮಿನೊಳಗಿನ ಎರಡು ಶೂಗಳಲ್ಲಿ ಒಂದನ್ನು ಚಕ್ರ ತಿರುಗುವ ರಭಸವೇ ಡ್ರಮ್ಮಿಗೆ ಇನ್ನಷ್ಟು ಒತ್ತುತ್ತದೆ, ಇನ್ನೊಂದನ್ನು ಡ್ರಮ್ಮಿನಿಂದ ದೂರಕ್ಕೆ ತಳ್ಳುತ್ತದೆ. ಹಾಗಾಗಿ ಒಂದು ಲೈನರ್ ಬೇಗ ಸವೆಯುವುದು ಅಲ್ಲಿ ರೋಗವಲ್ಲ, ಅದರ ಗುಣ. ಆ ಕಣ್ಣಿನಿಂದ ಡಿಸ್ಕನ್ನು ನೋಡಿದರೆ ಇಲ್ಲಿಯೂ ಒಂದು ಹೆಚ್ಚು ಒಂದು ಕಡಿಮೆ ಇದ್ದರೆ ತಪ್ಪೇನು ಎನಿಸುತ್ತದೆ. ಡಿಸ್ಕ್ ಬ್ರೇಕಿಗೆ ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಪೇಟೆಂಟ್ ಪಡೆದದ್ದು 1902ರಲ್ಲಿ. ಜಗತ್ತು ಅದನ್ನು ಗಂಭೀರವಾಗಿ ತೆಗೆದುಕೊಂಡದ್ದು 1953ರ ಲೆ ಮಾನ್ ಪಂದ್ಯವನ್ನು ಡಿಸ್ಕ್ ಬ್ರೇಕಿನ ಜಾಗ್ವಾರ್ ಗೆದ್ದ ಮೇಲೆ. ಅದೇ ವರ್ಷ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿ, ಹಳೆಯ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅತ್ತ ಹೋದವು. ನಮ್ಮೂರಿನ ಬೋರ್ಡುಗಳು ಬದಲಾದವು, ಗ್ಯಾರೇಜಿನ ಮಾತು ಕನ್ನಡ, ತೆಲುಗು, ಉರ್ದು ಬೆರೆತು ಹಾಗೇ ಉಳಿಯಿತು. ಡಿಸ್ಕಿನ ಗಾಡಿಗಳು ನಮ್ಮ ಹಳ್ಳಿಗಳ ತನಕ ತುಂಬಿಕೊಂಡದ್ದು ಇತ್ತೀಚಿನ ಎರಡು ಮೂರು ದಶಕಗಳಲ್ಲಿ. ಕೈಗೆ ಹೊಸ ಅಭ್ಯಾಸ ಬರಲು ಅದು ದೊಡ್ಡ ಅವಧಿಯಲ್ಲ.

ಈಗ ಅಸಲಿ ವಾದಕ್ಕೆ ಬರೋಣ. ಒಳಗಿನ ಪ್ಯಾಡ್ ಹೆಚ್ಚು ತಿಂದಿದ್ದರೆ ತಪ್ಪು ಪಿನ್ನಿನದೋ ಪಿಸ್ಟನ್ನಿನದೋ? ಕೆಲವರು ಪಿಸ್ಟನ್ ಜಾಮ್ ಎಂದು ನೇರವಾಗಿ ಕ್ಯಾಲಿಪರ್ ಕಿಟ್ ಹಾಕುತ್ತಾರೆ. ಕೆಲವರು ಪಿನ್ ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲ. ಎರಡೂ ಸಾಧ್ಯ. ಪಿನ್ ಪೂರಾ ಬಿಗಿದುಕೊಂಡರೆ ಕ್ಯಾಲಿಪರಿನ ಮೈ ಜಾರುವುದಿಲ್ಲ. ಕೆಲಸವೆಲ್ಲ ಪಿಸ್ಟನ್ ಪಕ್ಕದ ಪ್ಯಾಡಿನ ಮೇಲೆ ಬಿದ್ದು ಅದೇ ಸವೆಯುತ್ತದೆ. ಪಿಸ್ಟನ್ ಹಿಂದಕ್ಕೆ ಸರಿಯದಿದ್ದರೂ ಒಳಗಿನದೇ ಸವೆಯುತ್ತದೆ. ಹೊರಗಿನ ಪ್ಯಾಡ್ ಹೆಚ್ಚು ತಿಂದಿದ್ದರೆ ಮಾತ್ರ ಅನುಮಾನ ಹೆಚ್ಚಿಲ್ಲ. ಪಿನ್ ಒತ್ತಡಕ್ಕೆ ಜಾರಿದೆ, ಬಿಟ್ಟಾಗ ಹಿಂದಿರುಗಿಲ್ಲ, ಹೊರಗಿನ ಪ್ಯಾಡ್ ಡಿಸ್ಕಿಗೆ ಒರಗಿಕೊಂಡೇ ಉಳಿದಿದೆ. ಪಿಸ್ಟನ್ನೋ ಪಿನ್ನೋ ಎಂಬುದನ್ನು ವಾದಿಸುವುದಕ್ಕಿಂತ ಕೈಯಲ್ಲೇ ತಿಳಿಯಬಹುದು. ಕ್ಯಾಲಿಪರನ್ನು ಬಿಚ್ಚುವ ಮೊದಲು ಹಿಡಿದು ಅಲ್ಲಾಡಿಸಿದರೆ ಅದು ಪಿನ್ನಿನ ಮೇಲೆ ಒಳಕ್ಕೂ ಹೊರಕ್ಕೂ ಜಾರಬೇಕು. ಬಿಚ್ಚಿದ ಮೇಲೆ ಒಂದೊಂದು ಪಿನ್ನನ್ನೂ ಬೆರಳಲ್ಲಿ ತಿರುಗಿಸಿ ಎಳೆದು ನೋಡಬೇಕು. ಪಿಸ್ಟನ್ನನ್ನು ಸಿ-ಕ್ಲಾಂಪಿನಿಂದ ನಿಧಾನ ಹಿಂದಕ್ಕೆ ಒತ್ತಿದರೆ ಒಂದೇ ಹದದಲ್ಲಿ ಹೋಗಬೇಕು. ತಡೆದು ತಡೆದು ಹೋದರೆ ಅಥವಾ ಅದರ ಸುತ್ತಲಿನ ರಬ್ಬರ್ ಬೂಟು ಹರಿದು ಒದ್ದೆಯಾಗಿದ್ದರೆ ಕಿಟ್ ಹಾಕುವುದೇ ಸರಿ. ಹಿಂದಿನ ಚಕ್ರಕ್ಕೂ ಡಿಸ್ಕ್ ಇರುವ ಕೆಲವು ಕಾರುಗಳಲ್ಲಿ ಹ್ಯಾಂಡ್‌ಬ್ರೇಕ್ ಅದೇ ಪಿಸ್ಟನ್ನಿಗೆ ಸೇರಿರುತ್ತದೆ. ಅದನ್ನು ತಿರುಗಿಸುತ್ತ ಒಳಕ್ಕೆ ಕಳಿಸಬೇಕು. ಬಲ ಹಾಕಿ ಒತ್ತಿದರೆ ಒಳಗಿನ ಯಂತ್ರವೇ ಹಾಳು.

ನಮ್ಮ ಪ್ಯಾಡಿನಂತೆ ಒಂದು ತುದಿಯಿಂದ ಇನ್ನೊಂದು ತುದಿಗೆ ಇಳಿಜಾರಾಗಿ ಸವೆದಿದ್ದರೆ ಅದು ಬೇರೆ ಸುಳಿವು. ಎರಡು ಪಿನ್ನುಗಳಲ್ಲಿ ಒಂದು ಮಾತ್ರ ಬಿಗಿದಿದೆ, ಕ್ಯಾಲಿಪರ್ ಸೊಟ್ಟಗೆ ಕೂತು ಒತ್ತುತ್ತಿದೆ ಎಂದು ಅರ್ಥ. ಅನೇಕ ಗಾಡಿಗಳಲ್ಲಿ ಎರಡು ಪಿನ್ನುಗಳು ನೋಡಲು ಒಂದೇ ಥರ ಇದ್ದರೂ ಒಂದೇ ಅಲ್ಲ. ಒಂದರ ತುದಿಗೆ ರಬ್ಬರ್ ಬುಷ್ ಇರುತ್ತದೆ. ಮೇಲಿನದು ಕೆಳಗೆ, ಕೆಳಗಿನದು ಮೇಲೆ ಹಾಕಿದರೆ ಹೊಸ ಪ್ಯಾಡೂ ಸೊಟ್ಟಗೇ ತಿನ್ನುತ್ತದೆ. ಬಿಚ್ಚುವಾಗಲೇ ಮೇಲಿನದಕ್ಕೆ ಒಂದು ಗುರುತು ಹಾಕಿಕೊಳ್ಳುವವನನ್ನು ಕಂಡರೆ ನನಗೆ ಗೌರವ. ಇನ್ನೊಂದು ಕಾರಣ ಪ್ಯಾಡಿನ ಎರಡು ಕಿವಿಗಳು. ಅವು ಬ್ರಾಕೆಟ್ಟಿನ ತೋಡಿನಲ್ಲಿ ಸರಾಗ ಓಡಾಡಬೇಕು. ಅಲ್ಲಿ ದೂಳು ಗಟ್ಟಿಕಟ್ಟಿದ್ದರೆ, ಸ್ಟೀಲಿನ ಕ್ಲಿಪ್ಪು ಬಾಗಿದ್ದರೆ ಅಥವಾ ಅಗ್ಗದ ಪ್ಯಾಡಿಗೆ ಬಣ್ಣ ದಪ್ಪ ಬಳಿದಿದ್ದರೆ ಕಿವಿ ಸಿಕ್ಕಿಕೊಳ್ಳುತ್ತದೆ. ಸುತ್ತಿಗೆಯಲ್ಲಿ ಬಡಿದು ಕೂರಿಸಿದ ಪ್ಯಾಡ್ ಬಿಟ್ಟಾಗ ಹಿಂದೆ ಬರುವುದಾದರೂ ಹೇಗೆ?

ಎಡಕ್ಕೂ ಬಲಕ್ಕೂ ವ್ಯತ್ಯಾಸವಿದ್ದರೆ, ಅಂದರೆ ಒಂದು ಚಕ್ರದ ಎರಡೂ ಪ್ಯಾಡ್ ಮುಗಿದು ಇನ್ನೊಂದು ಚಕ್ರದವು ಹಾಗೇ ಇದ್ದರೆ, ಕಣ್ಣು ಹೋಸ್ ಪೈಪಿನ ಕಡೆ ಹೋಗಬೇಕು. ಇದು ಎಲ್ಲರೂ ಕೊನೆಗೆ ನೋಡುವ, ನನ್ನ ಪ್ರಕಾರ ಬೇಗ ನೋಡಬೇಕಾದ ಜಾಗ. ಹೋಸ್ ಹೊರಗಿನಿಂದ ಚೆನ್ನಾಗೇ ಕಾಣುತ್ತದೆ. ಒಳಪದರ ಊದಿ ಅಥವಾ ಸುಲಿದು ಬಾಗಿಲಿನಂತೆ ಅಡ್ಡ ನಿಂತಿರುತ್ತದೆ. ಕಾಲಿನ ಬಲಕ್ಕೆ ಬ್ರೇಕ್ ಆಯಿಲ್ ನುಗ್ಗಿ ಹೋಗುತ್ತದೆ, ವಾಪಸ್ ಬರಲು ದಾರಿ ಸಿಗುವುದಿಲ್ಲ. ಅಂಥ ಗಾಡಿ ಬ್ರೇಕ್ ಒತ್ತಿದ ಕ್ಷಣ ಒಳ್ಳೆಯ ಚಕ್ರದ ಕಡೆ ಎಳೆಯುತ್ತದೆ, ಬಿಟ್ಟ ಮೇಲೆ ಕೆಟ್ಟ ಚಕ್ರದ ಕಡೆ ವಾಲುತ್ತದೆ. ಒಂದೇ ಗಾಡಿ ಎರಡೂ ಕಡೆ ಎಳೆಯುತ್ತದೆ ಎಂದು ಡ್ರೈವರ್ ಹೇಳಿದರೆ ನಗಬಾರದು. ಅವನು ಹೇಳುತ್ತಿರುವುದು ನಿಜ.

ಇದನ್ನು ಪತ್ತೆ ಮಾಡುವ ಪರೀಕ್ಷೆಗೆ ಒಂದು ಪಾನ ಸಾಕು. ಚಕ್ರ ಜ್ಯಾಕಿನ ಮೇಲಿದೆ, ಕೈಯಲ್ಲಿ ತಿರುಗಿಸಿದರೆ ಹಿಡಿದುಕೊಂಡಿದೆ ಎಂದಿಟ್ಟುಕೊಳ್ಳಿ. ಮೊದಲು ಹೋಸಿನ ಮೇಲ್ತುದಿಯಲ್ಲಿ, ಕಬ್ಬಿಣದ ಪೈಪು ಸೇರುವ ನಟ್ಟನ್ನು ಅರ್ಧ ಸುತ್ತು ಸಡಿಲಿಸಿ. ಚಕ್ರ ಬಿಟ್ಟಿತೋ, ಒತ್ತಡ ಮಾಸ್ಟರ್ ಸಿಲಿಂಡರಿನ ಕಡೆಯಿಂದಲೇ ನಿಂತಿದೆ: ಪೆಡಲಿನ ಸರಳಿಗೆ ಆಟವಿಲ್ಲದೆ ಸಿಲಿಂಡರಿನೊಳಗಿನ ವಾಪಸಾತಿ ತೂತು ಮುಚ್ಚಿಕೊಂಡಿರಬಹುದು. ಅಲ್ಲಿ ಬಿಡಲಿಲ್ಲ, ಆದರೆ ಕ್ಯಾಲಿಪರಿನ ಏರ್ ತೆಗೆಯುವ ನಿಪ್ಪಲ್ ಸಡಿಲಿಸಿದ ಕೂಡಲೇ ಆಯಿಲ್ ಚಿಮ್ಮಿ ಚಕ್ರ ತಿರುಗಿತೋ, ಹೋಸ್ ಕೆಟ್ಟಿದೆ. ನಿಪ್ಪಲ್ ಬಿಚ್ಚಿದರೂ ಚಕ್ರ ಹಿಡಿದೇ ಇದ್ದರೆ ಆಯಿಲಿನ ಮಾತೇ ಅಲ್ಲ. ಪಿಸ್ಟನ್, ಪಿನ್, ಕಿವಿ ಇವುಗಳಲ್ಲಿ ಒಂದು ಜಾಮ್ ಆಗಿದೆ. ಆಮೇಲೆ ನಟ್ಟು ಬಿಗಿದು ಏರ್ ತೆಗೆಯಲೇಬೇಕು, ಇಲ್ಲವಾದರೆ ಪೆಡಲ್ ಸ್ಪಂಜಿನಂತಾಗುತ್ತದೆ. ಹತ್ತು ನಿಮಿಷದ ಕೆಲಸ. ಈ ಹತ್ತು ನಿಮಿಷ ಉಳಿಸಲು ಹೋಗಿ ಕ್ಯಾಲಿಪರ್ ಬದಲಿಸಿದವರನ್ನು, ಆಮೇಲೆ ಮಾಸ್ಟರ್ ಸಿಲಿಂಡರನ್ನೂ ಬದಲಿಸಿ, ಕೊನೆಗೆ ಹೋಸ್ ಹಾಕಿಸಿ ಸರಿಹೋದವರನ್ನು ನಾನು ಬಲ್ಲೆ.

ಬಿಚ್ಚದೆಯೂ ಅನುಮಾನಿಸಬಹುದು. ಖಾಲಿ ರಸ್ತೆಯಲ್ಲಿ ಐದಾರು ಕಿಲೋಮೀಟರ್ ಬ್ರೇಕನ್ನು ಆದಷ್ಟು ಮುಟ್ಟದೆ ಓಡಿಸಿ, ತಾನಾಗಿ ನಿಲ್ಲುವಂತೆ ನಿಲ್ಲಿಸಿ, ಕೈಯ ಹಿಂಬದಿಯನ್ನು ಮುಟ್ಟಿಸದೆ ರಿಮ್ಮಿನ ಹತ್ತಿರ ಹಿಡಿದು ನೋಡಿ. ಒಂದು ಚಕ್ರ ಮಾತ್ರ ಕಾದಿದ್ದರೆ ಅದೇ ಹಿಡಿದಿರುವುದು. ಬಿಸಿ ತೋರಿಸುವ ಗನ್ ಇದ್ದರೆ ಇನ್ನೂ ಒಳ್ಳೆಯದು. ಕಾದ ಡಿಸ್ಕಿಗೆ ನೀರು ಸುರಿಯಬೇಡಿ. ನಾಲ್ಕೂ ರಿಮ್ಮನ್ನು ಬಟ್ಟೆಯಲ್ಲಿ ಒರೆಸಿದರೂ ಒಂದು ಸುಳಿವು ಸಿಗುತ್ತದೆ: ನಮ್ಮ ಕಡೆಯ ಕೆಂದೂಳು ಎಲ್ಲದರ ಮೇಲೂ ಕೂತಿರುತ್ತದೆ, ಹಿಡಿದಿರುವ ಚಕ್ರದ ಬಟ್ಟೆ ಕಪ್ಪಾಗುತ್ತದೆ.

ಕೆಂದೂಳು ಎಂದೆ. ಹೊರದೇಶಗಳ ಕೈಪಿಡಿಗಳು ಪಿನ್ ಬಿಗಿಯುವುದಕ್ಕೆ ಮೊದಲ ಕಾರಣವಾಗಿ ಹೇಳುವುದು ತುಕ್ಕು. ಅಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ನಮ್ಮ ಕರಾವಳಿಯಲ್ಲಿ ಸಮುದ್ರದ ಗಾಳಿ ಅದೇ ಕೆಲಸ ಮಾಡುತ್ತದೆ. ಅನಂತಪುರದ ಸೀಮೆ ದೇಶದಲ್ಲೇ ಅತಿ ಕಡಿಮೆ ಮಳೆ ಬೀಳುವ ಕಡೆಗಳಲ್ಲೊಂದು, ವರ್ಷಕ್ಕೆ ಸುಮಾರು 550 ಮಿಲಿಮೀಟರ್. ಇಲ್ಲಿ ತುಕ್ಕಿಗಿಂತ ಮುಂಚೆ ಬರುವುದು ದೂಳು ಮತ್ತು ಕಾವು. ಕಣೇಕಲ್, ಬೊಮ್ಮನಹಾಳ್ ಕಡೆ ವೇದಾವತಿ ಹಗರಿಯ ದಂಡೆಯಲ್ಲಿ ಗಾಳಿಗೆ ಹಾರಿದ ಮರಳು ದಿಬ್ಬಗಳಾಗಿ ಬಿದ್ದಿದೆ. ಡಿ. ಹಿರೇಹಾಳ್ ಕಡೆ ಓಬುಳಾಪುರದ ಅದಿರಿನ ದೂಳು ಬೇರೆ. ಬಿಸಿಲಿಗೆ ಒಣಗಿ ಬಿರುಕುಬಿಟ್ಟ ರಬ್ಬರ್ ಬೂಟಿನ ಸಂದಿಯಲ್ಲಿ ಆ ನಯವಾದ ಪುಡಿ ಇಳಿದು, ಗ್ರೀಸಿನ ಜೊತೆ ಕಲೆತು, ಉಜ್ಜುಗಲ್ಲಿನಂತಾಗುತ್ತದೆ. ಮೇಲೆ ವಾಟರ್ ಸರ್ವಿಸ್. ಜೋರು ನೀರಿನ ಪೈಪನ್ನು ನೇರವಾಗಿ ಕ್ಯಾಲಿಪರಿಗೆ ಹಿಡಿದರೆ ಹೊರಗಿದ್ದ ಕೆಸರನ್ನು ಬೂಟಿನ ಒಳಕ್ಕೆ ನಾವೇ ತುಂಬಿದ ಹಾಗೆ.

ದೂಳಿಗಿಂತ ಹೆಚ್ಚು ಹಾನಿ ಮಾಡುವುದು ನಮ್ಮ ಗ್ರೀಸ್ ಡಬ್ಬ. ಬೇರಿಂಗಿಗೆ ತುಂಬುವ ಮಾಮೂಲಿ ಗ್ರೀಸನ್ನೇ ಪಿನ್ನಿಗೂ ಸವರುತ್ತಾರೆ. ಬ್ರೇಕಿನ ರಬ್ಬರ್ ಭಾಗಗಳು ಪೆಟ್ರೋಲಿಯಂ ಎಣ್ಣೆಗೆ ಆಗದ ಜಾತಿಯವು. ಎಣ್ಣೆ ತಾಗಿದರೆ ಊದಿಕೊಳ್ಳುತ್ತವೆ. ಊದಿದ ಬುಷ್ ಪಿನ್ನನ್ನು ಹಿಡಿದುಕೊಳ್ಳುತ್ತದೆ. ಜಾರಲಿ ಎಂದು ಹಾಕಿದ್ದೇ ಜಾರದಂತೆ ಮಾಡುತ್ತದೆ, ಅದೂ ಆವತ್ತಲ್ಲ, ಎರಡು ಮೂರು ತಿಂಗಳ ಮೇಲೆ. ಅಷ್ಟರಲ್ಲಿ ಹಾಕಿದವನೂ ಹಾಕಿಸಿದವನೂ ಮರೆತಿರುತ್ತಾರೆ. ಸೀಮೆಎಣ್ಣೆ, ಡೀಸೆಲ್ಲಿನಲ್ಲಿ ಕ್ಯಾಲಿಪರ್ ತೊಳೆಯುವುದೂ ಇದೇ ಕಥೆ. ಪಿನ್ನಿಗೆ ಬೇಕಾದದ್ದು ಸಿಲಿಕೋನ್ ಗ್ರೀಸ್, ತೆಳ್ಳಗೆ. ತುಂಬ ತುಂಬಿದರೆ ತೂತಿನ ತುದಿಯಲ್ಲಿ ಗಾಳಿ ಸಿಕ್ಕಿ ಪಿನ್ನನ್ನು ಹೊರಕ್ಕೆ ತಳ್ಳುತ್ತಿರುತ್ತದೆ.

ಬ್ರೇಕ್ ಆಯಿಲ್ ಎಂಬ ಹೆಸರೂ ಒಂದು ಬಲೆ. ಅದು ಎಣ್ಣೆಯಲ್ಲ, ಗ್ಲೈಕಾಲ್ ಜಾತಿಯ ದ್ರವ. ಆಯಿಲ್ ಎಂಬ ಮಾತು ನಂಬಿ ಕೊರತೆ ಬಿದ್ದಾಗ ಎಂಜಿನ್ ಆಯಿಲ್ ಸುರಿದರೆ ಮಾಸ್ಟರ್ ಸಿಲಿಂಡರಿನಿಂದ ಹಿಡಿದು ಎಲ್ಲ ಸೀಲುಗಳೂ ಊದಿ ನಾಲ್ಕು ಚಕ್ರವೂ ಹಿಡಿದುಕೊಳ್ಳುತ್ತವೆ. ಇನ್ನು ಬ್ರೇಕಿನ ಈ ದ್ರವ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ಎಂಬ ಗುರುತಿನದು ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು; ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಅವು 230 ಮತ್ತು 155. ಆ ತೇವವೇ ಪಿಸ್ಟನ್ ಓಡಾಡುವ ಗೋಡೆಗೆ ಒಳಗಿನಿಂದ ತುಕ್ಕು ಹಿಡಿಸುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ ಎನ್ನುವುದು ಕಂಪನಿಯವರ ವ್ಯಾಪಾರದ ಮಾತು ಎಂದು ನಾನೂ ಅಂದುಕೊಂಡಿದ್ದೆ. ಚಹಾದ ಬಣ್ಣಕ್ಕೆ ತಿರುಗಿದ ಆಯಿಲಿನಲ್ಲಿ ಅದ್ದಿ ತೆಗೆದಂತಿದ್ದ ಒಂದು ಪಿಸ್ಟನ್ನಿನ ಮೇಲೆ ಗುಳಿ ಬಿದ್ದಿದ್ದನ್ನು ಕಂಡ ಮೇಲೆ ಹಾಗೆ ಅಂದುಕೊಂಡಿಲ್ಲ.

ಮುಂದಿನ ಪ್ಯಾಡ್ ಹಿಂದಿನ ಲೈನರಿಗಿಂತ ಬೇಗ ಸವೆಯುವುದು ಸಹಜ. ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಕ್ಕೆ ವಾಲುತ್ತದೆ. ಆದರೆ ನಮ್ಮ ಕಡೆಯ ಪಿಕಪ್‌ಗಳಿಗೆ ಒಂದು ವಿಶೇಷ ಕಾಯಿಲೆಯಿದೆ. ಅಮರಾಪುರಂ, ಅಗಳಿ, ರೊಳ್ಳದ ಕಡೆಯಿಂದ ಅಡಿಕೆ, ತೆಂಗು ಹೇರುವ ಗಾಡಿಯಿರಲಿ, ರಾಯದುರ್ಗದಿಂದ ಬಳ್ಳಾರಿಗೆ ಜೀನ್ಸ್ ಮೂಟೆ ಒಯ್ಯುವುದಿರಲಿ, ಹಿಂದೆ ಕಮಾನಿಗೆ ಒಂದೆರಡು ಪಟ್ಟಿ ಜಾಸ್ತಿ ಸೇರಿಸಿರುತ್ತಾರೆ. ಹಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್ಲಿಗೆ ಒಂದು ಸರಳಿನಿಂದ ಕಟ್ಟಿದ ವಾಲ್ವ್ ಇರುತ್ತದೆ. ಲೋಡ್ ಬಿದ್ದು ಗಾಡಿ ಕುಸಿದಷ್ಟೂ ಅದು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ. ಪಟ್ಟಿ ಸೇರಿಸಿದ ಗಾಡಿ ಕುಸಿಯುವುದೇ ಇಲ್ಲ. ಎರಡು ಟನ್ ಹೇರಿದರೂ ಗಾಡಿ ಖಾಲಿ ಎಂದೇ ಆ ವಾಲ್ವಿನ ಲೆಕ್ಕ. ಹಿಂದಿನ ಬ್ರೇಕ್ ಅರೆಮನಸ್ಸಿನಿಂದ ಹಿಡಿಯುತ್ತದೆ, ಮುಂದಿನ ಪ್ಯಾಡ್ ಎಲ್ಲವನ್ನೂ ಹೊರುತ್ತದೆ. ಪ್ಯಾಡ್ ಕಂಪನಿ ಬದಲಿಸಿ ಬದಲಿಸಿ ಬೇಸತ್ತವರು ಒಮ್ಮೆ ಗಾಡಿಯ ಕೆಳಗೆ ಮಲಗಿ ಆ ಸರಳನ್ನು ನೋಡಬೇಕು. ಎಷ್ಟೋ ಗಾಡಿಗಳಲ್ಲಿ ಅದು ಕಳಚಿ ತಂತಿಯಲ್ಲಿ ಕಟ್ಟಿರುತ್ತದೆ.

ಡೂಪ್ಲಿಕೇಟ್ ಪ್ಯಾಡಿನ ವಾದಕ್ಕೆ ನನ್ನ ಉತ್ತರ ಚಿಕ್ಕದು. ಕಳಪೆ ಮಸಾಲೆಯ ಪ್ಯಾಡ್ ಬೇಗ ಸವೆಯುತ್ತದೆ, ಕೂಗುತ್ತದೆ, ಡಿಸ್ಕನ್ನೂ ಗೀರುತ್ತದೆ. ಆದರೆ ಒಂದೇ ಡಬ್ಬದಿಂದ ಬಂದ ಎರಡರಲ್ಲಿ ಒಂದನ್ನೇ ತಿನ್ನಲು ಬೇರೆ ಕಾರಣ ಬೇಕು. ಡ್ರೈವರಿನ ಕಾಲಿಗೂ ಇದೇ ಉತ್ತರ. ಅವನು ಪೆಡಲ್ ಮೇಲೆ ಕಾಲಿಟ್ಟು ಓಡಿಸಿದರೆ ಎಲ್ಲ ಪ್ಯಾಡೂ ಒಟ್ಟಿಗೆ ಸೊರಗುತ್ತವೆ. ಬಡಪಾಯಿ ಡ್ರೈವರಿನ ಸಂಬಳದಲ್ಲಿ ಪ್ಯಾಡಿನ ದುಡ್ಡು ಹಿಡಿಯುವ ಮಾಲೀಕರು ಪ್ಯಾಡನ್ನು ಒಮ್ಮೆ ನೋಡಲಿ.

ಎಲ್ಲ ವ್ಯತ್ಯಾಸವೂ ರೋಗವಲ್ಲ. ಡಿಸ್ಕ್ ತಿರುಗಿ ಮೊದಲು ಒಳಹೊಗುವ ತುದಿಯಲ್ಲಿ ಪ್ಯಾಡ್ ಸ್ವಲ್ಪ ಹೆಚ್ಚು ಸವೆಯುತ್ತದೆ. ದೊಡ್ಡ ಕ್ಯಾಲಿಪರುಗಳಲ್ಲಿ ಆ ತುದಿಗೆ ಚಿಕ್ಕ ಪಿಸ್ಟನ್ ಇಡುವುದು ಇದಕ್ಕಾಗಿಯೇ. ಹೊಸ ಪ್ಯಾಡಿನ ಮಸಾಲೆ ಸಾಮಾನ್ಯವಾಗಿ 10ರಿಂದ 12 ಮಿಲಿಮೀಟರ್. 3ಕ್ಕೆ ಬಂದಾಗ ಬದಲಿಸುವುದು ಕ್ಷೇಮ. ಒಳಗಿನದಕ್ಕೂ ಹೊರಗಿನದಕ್ಕೂ 1 ಮಿಲಿಮೀಟರ್ ಅಂತರವಿದ್ದರೆ ನಾನು ಗಮನಿಸಿ ಬಿಡುತ್ತೇನೆ, 2 ದಾಟಿದರೆ ಬಿಚ್ಚಿಸುತ್ತೇನೆ. ಡಿಸ್ಕಿನ ಕನಿಷ್ಠ ದಪ್ಪ ಎಷ್ಟೆಂದು ಅದರ ಮೈಮೇಲೇ ಕೊರೆದಿರುತ್ತದೆ, ಓದಿಕೊಳ್ಳಬೇಕು. ಬೈಕಿನವರಿಗೂ ಇದೆಲ್ಲ ಅನ್ವಯ. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಬೈಕುಗಳಿಗೆ ಎಬಿಎಸ್ ಕಡ್ಡಾಯವಾದ ಮೇಲೆ ಡಿಸ್ಕ್ ಹೆಚ್ಚಾಗಿದೆ, ಪಿನ್ನು ಪಿಸ್ಟನ್ನಿನ ಕಾಟ ಅಲ್ಲಿಯೂ ಅದೇ.

ನಮ್ಮ ಗಾಡಿಯಲ್ಲಿ ಸಿಕ್ಕಿದ್ದು ಕೆಳಗಿನ ಪಿನ್. ಬೂಟು ಹರಿದಿತ್ತು, ಒಳಗೆ ಗ್ರೀಸ್ ಬೆಲ್ಲದ ಪಾಕದಂತೆ ಗಟ್ಟಿಯಾಗಿ ಮರಳು ಕೂತಿತ್ತು. ಪ್ಯಾಡು ಊರಲ್ಲೇ ಸಿಕ್ಕಿತು, ಪಿನ್ ಕಿಟ್ ಸಿಗಲಿಲ್ಲ. ಸುಮಾರು 50 ಕಿಲೋಮೀಟರ್ ಆಚೆಯ ಬಳ್ಳಾರಿಯಿಂದ ಬಸ್ಸಿನಲ್ಲಿ ತರಿಸುವಷ್ಟರಲ್ಲಿ ಒಂದು ದಿನ ಹೋಯಿತು. ಕಿಟ್ಟಿನ ಬೆಲೆ ಪ್ಯಾಡಿನ ಬೆಲೆಯ ಕಾಲು ಭಾಗವೂ ಇರಲಿಲ್ಲ. ಆ ದಿನವಿಡೀ ಕ್ಯಾಲಿಪರನ್ನು ಹೋಸಿನಲ್ಲಿ ಜೋತುಬಿಡದೆ, ಆ ಮೆಕ್ಯಾನಿಕ್ ಹುಡುಗ ಜೀನ್ಸ್ ಪಟ್ಟಿಯೊಂದನ್ನು ಹುರಿ ಮಾಡಿ ಸ್ಪ್ರಿಂಗಿಗೆ ಕಟ್ಟಿದ್ದ. ಹೋಸ್ ಮೇಲೆ ಭಾರ ಬಿದ್ದರೆ ಒಳಪದರ ಸುಲಿಯುತ್ತದೆ ಎಂದು ಅವನಿಗೆ ಯಾವ ಪುಸ್ತಕವೂ ಹೇಳಿಕೊಟ್ಟಿರಲಿಲ್ಲ. ನಾನು ಕಂಡ ಕೈಪಿಡಿಗಳೆಲ್ಲ ಇಂಗ್ಲಿಷಿನವು, ಪಿನ್ ಕಿಟ್ಟಿನ ಡಬ್ಬದ ಮೇಲಿನ ಸಣ್ಣಕ್ಷರವೂ ಇಂಗ್ಲಿಷೇ. ಯಾವ ಗ್ರೀಸ್ ಹಾಕಬೇಕು, ಯಾವುದು ಕೂಡದು ಎಂಬ ಎರಡು ಸಾಲನ್ನು ಕನ್ನಡದಲ್ಲೋ ತೆಲುಗಿನಲ್ಲೋ ಅಚ್ಚು ಹಾಕಿದ್ದರೆ ಎಷ್ಟೋ ಗಾಡಿಗಳು ಉಳಿಯುತ್ತಿದ್ದವು.

ಹಳೆಯ ಪ್ಯಾಡುಗಳನ್ನು ನಾನು ಕೇಳಿ ತೆಗೆದುಕೊಂಡೆ. ಹಿಂಬದಿಯ ತಗಡಿನ ಮೇಲೆ ಮಾರ್ಕರಿನಿಂದ 'ಎಡ ಒಳಗೆ', 'ಎಡ ಹೊರಗೆ', ಕಿಲೋಮೀಟರ್, ತಾರೀಖು ಬರೆದು ಸೀಟಿನ ಕೆಳಗಿಟ್ಟಿದ್ದೇನೆ. ಮೊನ್ನೆ 9,000 ಕಿಲೋಮೀಟರ್ ಆದಾಗ ಅದೇ ಹುಡುಗನ ಹತ್ತಿರ ಎರಡೂ ಕಡೆ ಬಿಚ್ಚಿಸಿದೆ. ಎಡಗಡೆಯ ಎರಡು ಪ್ಯಾಡಿಗೆ ಅರ್ಧ ಮಿಲಿಮೀಟರಿನ ಅಂತರವೂ ಇರಲಿಲ್ಲ. ಬಲಗಡೆ ಒಂದೂವರೆ ಬಂತು. ಅವನು ಏನೂ ಹೇಳದೆ ಬಲಗಡೆಯ ಕೆಳಗಿನ ಪಿನ್ನನ್ನು ಹಿಡಿದು ತಿರುಗಿಸಲು ಶುರು ಮಾಡಿದ.